ಸಾಕುತೂಬು ಎಂಬ ಹೆಸರು

ಬಿಲ್ಲಗೆರೆಯ ಏರಿಯ ಮೇಲೆ ತೆಂಕಣ ತುದಿಯಿಂದ ನಡೆದು ಬಂದರೆ, ಏರಿಯು ಬಿಲ್ಲಿನಂತೆ ಬಾಗುವ ಜಾಗದಲ್ಲಿ ಎರಡು ಕಲ್ಲುಗಂಬಗಳು ಕೆರೆಯ ನೀರಿನೊಳಗಿಂದ ಎದ್ದು ನಿಂತಿವೆ. ಅದೇ ಹಳೆಯ ತೂಬು. ಅದಕ್ಕೆ ನೇರವಾಗಿ ಏರಿಯ ಮೇಲೆ ಒಂದು ಕರಿಯ ಚಪ್ಪಡಿ ಇದೆ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ, ನಡುವೆ ತುಸು ತಗ್ಗು. ಅದರ ಮೇಲೆ ಯಾರೋ ಅರಿಶಿನ ಬಳಿದಿದ್ದಾರೆ, ಇನ್ನಾರೋ ಕುಂಕುಮ ಇಟ್ಟಿದ್ದಾರೆ, ಮತ್ತಾರೋ ಅದರ ಪಕ್ಕದಲ್ಲಿ ಕಬ್ಬಿಣದ ಕಂಬ ನೆಟ್ಟು 'ಶ್ರೀ ಸಾಕಮ್ಮ ದೇವಿ ತೂಬು' ಎಂದು ನೀಲಿ ಹಲಗೆ ತೂಗುಹಾಕಿದ್ದಾರೆ. ಸಾಕಮ್ಮ ಎಂಬ ದೇವಿ ಈ ಊರಿನಲ್ಲಿ ಯಾವ ಕಾಲದಲ್ಲೂ ಇರಲಿಲ್ಲ. ಹಲಗೆ ಬರೆಸಿದವರನ್ನು ಕೇಳಿದರೆ, "ಹೆಸರು ಸಾಕುತೂಬು ಅಂತಿದೆ, ಅಂದಮೇಲೆ ಅಮ್ಮ ಇರಲೇಬೇಕಲ್ಲ ಸಾರ್" ಎನ್ನುತ್ತಾರೆ. ಇನ್ನು ಕೆಲವರು, ಸ್ವಲ್ಪ ಓದಿಕೊಂಡವರು, ಇದು ಸಾಕುನಾಯಿಯ ತೂಬು, ಸಾಕಿದ ನಾಯಿಯಿಂದಲೇ ಆ ಹೆಸರು ಬಂತು ಎಂದು ಬಿಡಿಸಿ ಹೇಳುತ್ತಾರೆ. ಇದು ಮೊದಲನೆಯದಕ್ಕಿಂತ ವಾಸಿ, ಆದರೆ ಇದೂ ತಪ್ಪೇ. ಮೂರನೆಯ ಗುಂಪಿನವರು ಒಬ್ಬ ರಾಜನನ್ನೂ ಅವನ ಬೇಟೆನಾಯಿಯನ್ನೂ ಒಂದು ಹುಲಿಯನ್ನೂ ಎಲ್ಲಿಂದಲೋ ಕರೆತರುತ್ತಾರೆ. ರಾಜನಿಲ್ಲದೆ ನಮ್ಮವರಿಗೆ ಯಾವ ಕಲ್ಲೂ ರುಚಿಸುವುದಿಲ್ಲ.

ನಾಯಿ ಇದ್ದದ್ದು ನಿಜ. ಆದರೆ ಹೆಸರು ಬಂದದ್ದು ನಾಯಿಯಿಂದಲ್ಲ, ಅದು ಕೇಳುತ್ತಿದ್ದ ಒಂದು ಮಾತಿನಿಂದ. ಆ ಮಾತು ಗದ್ದೆಯವರ ಬಾಯಲ್ಲಿ ದಿನವೂ ಇರುವ 'ಸಾಕು'. ತೂಬಿನಿಂದ ಬಿಟ್ಟ ನೀರು ಗದ್ದೆಗೆ ತುಂಬಿದಾಗ, ತೂಬು ಕಾಯುವ ನೀರುಗಂಟಿಗೆ ಕೂಗಿ ಹೇಳುವ ಮಾತು. ಬಡಿಸುವವರಿಗೆ ಎಲೆಯ ಮೇಲೆ ಕೈಯಡ್ಡ ಹಿಡಿದು ಹೇಳುವ ಮಾತು. ಇಷ್ಟು ಸಾದಾ ಅರ್ಥವನ್ನು ಬಿಟ್ಟು ಜನ ಅಷ್ಟು ದೂರ ಏಕೆ ಹೋಗುತ್ತಾರೋ ತಿಳಿಯದು.

ಹಿಂದೆ ಒಮ್ಮೆ, ಊರಿಗೆ ಪಟೇಲರೂ ಕೆರೆಗೆ ನೀರುಗಂಟಿಯೂ ಇದ್ದ ಕಾಲದಲ್ಲಿ, ಬಿಲ್ಲಗೆರೆಯ ತೂಬು ಮೂಡ್ಲಯ್ಯ ಎಂಬವನ ಕೈಯಲ್ಲಿತ್ತು ಎನ್ನುತ್ತಾರೆ. ಯಾವ ಇಸವಿ ಎಂದು ಕೇಳಿದವರಿಗೆ ಗೊತ್ತಿಲ್ಲ ಎಂದೇ ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೇ ಆ ನೀಲಿ ಹಲಗೆ ಹುಟ್ಟಿದ್ದು. ಮೂಡ್ಲಯ್ಯನ ತಂದೆಯೂ ತಾತನೂ ಇದೇ ತೂಬು ಕಾದವರು. ಬೆಳಿಗ್ಗೆ ನೀರಿಗಿಳಿದು, ಕಂಬಗಳ ನಡುವಿನ ಉದ್ದನೆಯ ಕೋಲನ್ನು ಎತ್ತಿದರೆ ಅದರ ತುದಿಯ ಮರದ ಬಿರಡೆ ಕಂಡಿಯಿಂದ ಮೇಲೇಳುತ್ತಿತ್ತು, ನೀರು ಏರಿಯ ಕೆಳಗೆ ಹಾದು ಕಾಲುವೆಗೆ ಬೀಳುತ್ತಿತ್ತು. ಸರದಿಯ ಪ್ರಕಾರ ಒಂದೊಂದು ದಿನ ಒಂದೊಂದು ಪಾಲಿನ ಗದ್ದೆ. ತುಂಬಿದೊಡನೆ ಗದ್ದೆಯವರು ಬದುವಿನ ಮೇಲೆ ನಿಂತು "ಸಾಕೂ" ಎಂದು ಎಳೆದು ಕೂಗಬೇಕು, ಮೂಡ್ಲಯ್ಯ ಬಿರಡೆ ಇಳಿಸಬೇಕು. ಇದರಲ್ಲಿ ಇದ್ದ ತೊಡಕು ಒಂದೇ. ಐವತ್ತು ದಾಟಿದ ಮೇಲೆ ಮೂಡ್ಲಯ್ಯನ ಕಿವಿ ಮಂದವಾಯಿತು. ಕೊನೆಗದ್ದೆ ಏರಿಯಿಂದ ಒಂದು ಮೈಲಿ. ಅಲ್ಲಿನ ಕೂಗು ಅವನಿಗೆ ಕೇಳುವ ಮಾತಿರಲಿ, ಪಕ್ಕದಲ್ಲಿ ನಿಂತು ಆಡಿದ ಮಾತೇ ಅರ್ಧಂಬರ್ಧ. ಆದರೂ ಹನ್ನೊಂದು ವರ್ಷ ಒಂದು ದಿನವೂ ಬಿರಡೆ ತಡವಾಗಿ ಇಳಿಯಲಿಲ್ಲ. ಏಕೆಂದರೆ ಕೇಳುವ ಕೆಲಸವನ್ನು ಅವನ ನಾಯಿ ಮಾಡುತ್ತಿತ್ತು.

ಅದರ ಹೆಸರು ಜೀರಿಗೆ. ಬಿಳಿಯ ಬೆನ್ನಿನ ಮೇಲೆ ಜೀರಿಗೆ ಎರಚಿದಂತೆ ಕಂದು ಚುಕ್ಕೆಗಳಿದ್ದ ಹೆಣ್ಣುನಾಯಿ. ಮೂಡ್ಲಯ್ಯನಿಗೂ ಅವನ ಹೆಂಡತಿ ಕದರಮ್ಮನಿಗೂ ಮಕ್ಕಳಿರಲಿಲ್ಲ ಎಂದು ಇಲ್ಲಿ ಸೇರಿಸಿ ಹೇಳುವವರಿದ್ದಾರೆ. ಅದು ಸುಳ್ಳು. ಇಬ್ಬರು ಹೆಣ್ಣುಮಕ್ಕಳಿದ್ದರು, ಮದುವೆಯಾಗಿ ಹೋಗಿದ್ದರು. ನಾಯಿಯನ್ನು ಪ್ರೀತಿಸಲು ಮಕ್ಕಳಿಲ್ಲದಿರಬೇಕು ಎಂಬ ನಿಯಮವೇನಿಲ್ಲ. ಜೀರಿಗೆ ದಿನವೂ ಈ ಚಪ್ಪಡಿಯ ಮೇಲೆ, ಗದ್ದೆಬಯಲಿನ ಕಡೆಗೆ ಮೂಗು ಮಾಡಿ ಮಲಗುತ್ತಿತ್ತು. ಯಾರು ಏನು ಕಿರುಚಿದರೂ ಏಳುತ್ತಿರಲಿಲ್ಲ. "ಸಾಕೂ" ಎಂದು ಕೇಳಿದೊಡನೆ ಎದ್ದು, ಎರಡು ಸಲ ಬೊಗಳಿ, ಮೂಡ್ಲಯ್ಯನ ಪಂಚೆಯ ಚುಂಗು ಹಿಡಿದು ಎಳೆಯುತ್ತಿತ್ತು. ಅವನು ಬಿರಡೆ ಇಳಿಸಿ ಮೇಲೆ ಬಂದರೆ ಇಬ್ಬರೂ ಮನೆಗೆ ಹೋಗುವುದು, ಮನೆಯಲ್ಲಿ ಅದಕ್ಕೊಂದು ತುಂಡು ಮುದ್ದೆ. ಊರಿನವರಿಗೆಲ್ಲ ಇದು ತಿಳಿದಿತ್ತು. ನೀರು ಸರಿಯಾಗಿ ನಿಲ್ಲುತ್ತಿದ್ದುದರಿಂದ ಯಾರೂ ಅದನ್ನು ಎತ್ತಿ ಆಡಲಿಲ್ಲ.

ಹನ್ನೊಂದನೆಯ ವರ್ಷ ಜೀರಿಗೆಗೆ ಕಾಯಿಲೆ ಬಂತು. ಮೊದಲು ಕೆಮ್ಮು, ಮೂಗಿನಲ್ಲಿ ಸಿಂಬಳ, ಕಣ್ಣಿನಲ್ಲಿ ಪಿಸುರು. ಆಮೇಲೆ ಹಿಂಗಾಲುಗಳು ನಡುಗತೊಡಗಿದವು. ನಾಟಿ ಔಷಧಿಯವನು ಕೊಟ್ಟ ಕಷಾಯವನ್ನು ಮೂಡ್ಲಯ್ಯ ಬಿದಿರಿನ ನಳಿಗೆಯಲ್ಲಿ ಬಾಯಿಗೆ ಹೊಯ್ದರೆ, ಅದು ನುಂಗಿದಂತೆ ಮಾಡಿ ಅವನು ಆಚೆ ತಿರುಗಿದೊಡನೆ ಕಕ್ಕಿಬಿಡುತ್ತಿತ್ತು. "ನಿನ್ ಬಾಯಿಗ್ ಮಣ್ ಆಕ, ಕಳ್ಳಿ! ಉಗೀಬ್ಯಾಡ, ನುಂಗು!" ಎಂದು ಬೈಯುತ್ತಾ, ಬೈದು ಮುಗಿಸಿ ಅದರ ಬಾಯಿಯನ್ನು ತನ್ನ ಪಂಚೆಯಿಂದಲೇ ಒರೆಸುತ್ತಿದ್ದನಂತೆ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಅದನ್ನು ಮಂಕರಿಯಲ್ಲಿ ಹೊತ್ತು ಏರಿಗೆ ತರುತ್ತಿದ್ದ. ಮನೆಯಲ್ಲೇ ಬಿಟ್ಟುಬಾ ಎಂದರೆ, "ಅವಳ ಕೆಲಸ ಅವಳು ಮಾಡ್ಬ್ಯಾಡ್ವೇನೆ?" ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಅದು ನಿಜಕ್ಕೂ ತನ್ನ ಕೆಲಸ ಮಾಡುತ್ತಲೂ ಇತ್ತು. ಬೊಗಳುವ ಶಕ್ತಿ ಹೋಗಿತ್ತು. ಆದರೆ ದೂರದ ಕೂಗು ಕಿವಿಗೆ ಬಿದ್ದೊಡನೆ ಬಾಲವನ್ನು ಎರಡು ಸಲ ಚಪ್ಪಡಿಗೆ ಬಡಿಯುತ್ತಿತ್ತು. ಮೂಡ್ಲಯ್ಯ ಅದರ ಪಕ್ಕದಲ್ಲಿ ಚಪ್ಪಡಿಯ ಮೇಲೆ ಅಂಗೈ ಊರಿ ಕುಳಿತಿರುತ್ತಿದ್ದ. ಕಿವಿಗೆ ಬಾರದ್ದು ಅಂಗೈಗೆ ಬರುತ್ತಿತ್ತು.

ಕೊನೆಯ ದಿನ ಯಾರ ಸರದಿಯೂ ಇರಲಿಲ್ಲ, ತೂಬು ಮುಚ್ಚಿತ್ತು. ಆದರೂ ಅವನು ಅದನ್ನು ಹೊತ್ತು ತಂದಿದ್ದ. ಹೊತ್ತು ಇಳಿಯುವಾಗ ಕದರಮ್ಮ ಅಂಬಲಿ ತಂದಳು. ಜೀರಿಗೆ ಮೂಸಿಯೂ ನೋಡಲಿಲ್ಲ. ಪಕ್ಕೆ ಮೇಲೆ ಕೆಳಗೆ ಬಡಿದುಕೊಳ್ಳುತ್ತಿತ್ತು, ನಾಲಗೆ ಒಣಗಿತ್ತು. ಕದರಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಮೂಡ್ಲಯ್ಯನಿಗೆ ಅದು ಕೇಳಲಿಲ್ಲ. ಅಂಗೈಗೆ ಮಾತ್ರ ಬಾಲದ ಏಟು ತಿಳಿಯಿತು, ಎರಡು ಸಲ. ಅಷ್ಟರ ಮೇಲೆ ಪಕ್ಕೆ ನಿಂತಿತು. ಹೆಂಡತಿ ಆಡಿದ ಮಾತು ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದನ್ನು ಹೂಳಿದ್ದು ಏರಿಯಿಂದಾಚೆ ಇರುವ ಹುಣಸೆಮರದ ಬುಡದಲ್ಲಿ. ಚಪ್ಪಡಿಯ ಕೆಳಗೆ ಹೂಳಿದ್ದಾರೆ ಎಂದು ನಂಬಿ ಹಾರ ಹಾಕುವವರು ಇಷ್ಟಾದರೂ ಯೋಚಿಸಬೇಕು: ಕೆರೆಯ ಏರಿಯನ್ನು ಅಗೆಯುವ ನೀರುಗಂಟಿ ಇರುತ್ತಾನೆಯೇ?

ಅಲ್ಲಿಂದ ಮೂಡ್ಲಯ್ಯನ ಹಟ ಶುರುವಾಯಿತು. ಅವನು ಅಳಲಿಲ್ಲ. ಹೆಂಡತಿಯನ್ನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. "ಆ ಮಾತು ನನ್ನ ಮುಂದೆ ಯಾರೂ ಆಡಕೂಡದು" ಎಂದ, ಅಷ್ಟೇ. ತಾನೂ ಆಡುವುದನ್ನು ಬಿಟ್ಟ. ಅದರ ಫಲ ಮೊದಲು ಕಂಡದ್ದು ಅವನ ತಟ್ಟೆಯಲ್ಲಿ. ಕದರಮ್ಮ ಸಾರು ಬಡಿಸಿದರೆ ಅವನು ಬಾಯಿ ಬಿಡುತ್ತಿರಲಿಲ್ಲ. ಅವಳೂ ಹಟಕ್ಕೆ ಬಿದ್ದು ಬಡಿಸುತ್ತಲೇ ಇದ್ದಳು. ಮುದ್ದೆ ಮುಳುಗಿ, ಸಾರು ತಟ್ಟೆ ಮೀರಿ, ನೆಲದ ಮೇಲೆ ಹರಿದು ಒಲೆಯ ತನಕ ಹೋಯಿತು. "ಊಟಕ್ಕಾದ್ರೂ ಅನ್ನಬಾರ್ದಾ? ನಿನ್ ಗಂಟೇನ್ ಓಗುತ್ತೆ?" ಎಂದು ಅವಳು ಸೌಟು ಬಿಸಾಡಿದಳು. ಮರುದಿನ ಅವನು ಬಾಯಲ್ಲಿ ಹೇಳುವ ಬದಲು ತಟ್ಟೆಗೆ ಕೈಯಡ್ಡ ಇಟ್ಟು, ಕುದಿಯುವ ಸಾರಿನಲ್ಲಿ ಕೈ ಸುಟ್ಟುಕೊಂಡ. ಆದರೂ ಅನ್ನಲಿಲ್ಲ.

ಮನೆಯ ನೆಲವಾದರೆ ಒರೆಸಬಹುದು. ತೂಬಿನ ಮಾತು ಹಾಗಲ್ಲ. ಆಗ ಭತ್ತ ಹೊಡೆ ತುಂಬುವ ಕಾಲ. ಪೈರು ತೆನೆಯಾಗಿ ಬಲಿಯಲು ಇನ್ನು ಎಂಟು ಸರದಿಯ ನೀರು ಬೇಕಾಗಿತ್ತು, ಕೆರೆಯಲ್ಲಿ ಎಂಟು ಸರದಿಗೆ ಸರಿಯಾಗುವಷ್ಟೇ ನೀರಿತ್ತು. ಒಂದು ಹೊತ್ತು ಹೆಚ್ಚು ಹರಿದರೂ ಅದು ಗದ್ದೆ ಮೀರಿ ಹಳ್ಳ ಸೇರಿ ಯಾರಿಗೂ ಇಲ್ಲವಾಗುತ್ತಿತ್ತು. ಮೊದಲ ಸರದಿಯಲ್ಲೇ ಹಾಗಾಯಿತು. ಗದ್ದೆಯವರು ಗಂಟಲು ಹರಿಯುವಂತೆ ಕೂಗಿದರು. ಏರಿಯ ಮೇಲೆ ಮೂಡ್ಲಯ್ಯ ಚಪ್ಪಡಿಗೆ ಅಂಗೈ ಊರಿ, ಬಾರದ ಏಟಿಗೆ ಕಾಯುತ್ತಾ ಕುಳಿತಿದ್ದ. ಪಟೇಲ ಬೆಟ್ಟೇಗೌಡರು ಎರಡನೆಯ ಸರದಿಗೆ ಒಬ್ಬ ಗಟ್ಟಿ ಗಂಟಲಿನವನನ್ನು ಏರಿಯ ಬುಡದಲ್ಲೇ ನಿಲ್ಲಿಸಿ, ಗದ್ದೆಯ ಕೂಗನ್ನು ಮತ್ತೆ ಕೂಗುವಂತೆ ಮಾಡಿದರು. ಅವನು "ಸಾಕು" ಎಂದದ್ದು ಮೂಡ್ಲಯ್ಯನಿಗೆ ಕೇಳಿತು. ಕೇಳಿದ್ದೇ ಕೆಟ್ಟದ್ದಾಯಿತು. ದೊಣ್ಣೆ ಹಿಡಿದು ಏರಿಯಿಂದ ಇಳಿದು ಅವನನ್ನು ಊರ ಬಾಗಿಲ ತನಕ ಅಟ್ಟಿಸಿಕೊಂಡು ಹೋದ. ಅಷ್ಟು ಹೊತ್ತು ನೀರು ಹರಿಯುತ್ತಲೇ ಇತ್ತು.

ಆಗ ಊರಿನ ಬುದ್ಧಿವಂತರು ಸೇರಿ ಒಂದು ಉಪಾಯ ಹುಡುಕಿದರು. ಬುದ್ಧಿವಂತರು ಸೇರಿದಾಗಲೆಲ್ಲ ಆಗುವುದೇ ಆಯಿತು. ಆ ಮಾತು ಬೇಡವಾದರೆ ಬೇರೆ ಮಾತು ಕೂಗೋಣ, 'ಆಯ್ತು' ಎನ್ನೋಣ ಎಂದು ತೀರ್ಮಾನಿಸಿದರು. ಮೂರನೆಯ ಸರದಿ ಕೊನೆಗದ್ದೆಯದು. ಗದ್ದೆ ತುಂಬಿತು, ಅಲ್ಲಿಂದ "ಆಯ್ತೂ" ಎಂಬ ಕೂಗು ಬಂತು, ಏರಿಯ ಬುಡದವನೂ "ಆಯ್ತೂ" ಎಂದ. ಈ ಸೀಮೆಯವರ ನಾಲಗೆಗೆ ಹಕಾರ ನಿಲ್ಲುವುದಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀರು ಹಾಯಿಸು ಎಂದು ಹೇಳಬೇಕಾದರೆ ಇಲ್ಲಿ ಎಲ್ಲರೂ ಅನ್ನುವುದು 'ಆಯ್ಸು'. ಮಂದಗಿವಿಯ ನೀರುಗಂಟಿಗೆ ಆಯ್ತು ಎಂಬುದು ಆಯ್ಸು ಎಂದೇ ಕೇಳಿತು. ಇನ್ನೂ ಬೇಕೇನೋ ಎಂದು ಅವನು ಬಿರಡೆಯನ್ನು ಪೂರ್ತಿ ಎತ್ತಿ ಕೋಲನ್ನು ಕಂಬಕ್ಕೆ ಕಟ್ಟಿಬಿಟ್ಟ. ಅವರು ಜೋರಾಗಿ ಕೂಗಿದಷ್ಟೂ ಇವನು, "ಎಷ್ಟ್ ಆಸೆ ಈ ಜನಕ್ಕೆ!" ಎಂದು ಗೊಣಗಿಕೊಂಡು ಹಾಯಿಸುತ್ತಲೇ ಇದ್ದ. ಸಂಜೆಯ ಹೊತ್ತಿಗೆ ಕೊನೆಗದ್ದೆಯ ಬದು ಎರಡು ಕಡೆ ಒಡೆದಿತ್ತು.

ಮರುದಿನ ಬೆಟ್ಟೇಗೌಡರು ಏರಿಗೆ ಬಂದರು. ಅವರು ಕೆಟ್ಟವರಲ್ಲ, ಅವರಿಗೂ ರೋಸಿಹೋಗಿತ್ತು. "ನೋಡಪ್ಪ ಮೂಡ್ಲಯ್ಯ, ನಾಯಿ ಸತ್ತಿದ್ದಕ್ಕೆ ನಮಗೂ ದುಃಖ ಇದೆ. ಅದಕ್ಕೆ ಊರೇ ಸಾಯಬೇಕು ಅಂದ್ರೆ ಆಗಲ್ಲ. ನಾಕನೇ ಸರದಿಗೆ ಬಿರಡೆ ಹೊತ್ತಿಗೆ ಸರಿಯಾಗಿ ಇಳೀಬೇಕು. ಇಳಿದೇ ಇದ್ರೆ ಕೋಲು ಬೇರೆಯವರ ಕೈಗೆ" ಎಂದು ಅವನಿಗೆ ಕೇಳುವಷ್ಟು ಜೋರಾಗಿ ಹೇಳಿ ಹೋದರು. ತಾತನ ಕಾಲದ ಕೋಲು. ಅದು ಹೋದರೆ ಏರಿಯ ಮೇಲೆ ಕೂರಲು ಅವನಿಗೆ ನೆಪವಿಲ್ಲ, ಚಪ್ಪಡಿಯೂ ಹೋದಂತೆ. ಅದು ಮೂಡ್ಲಯ್ಯನಿಗೆ ತಿಳಿಯದ್ದೇನಲ್ಲ. ಆದರೂ ನಾಲ್ಕನೆಯ ಸರದಿಯ ದಿನ ಬೆಳಿಗ್ಗೆ ಬಿರಡೆ ಎತ್ತಿದವನು, ಮಧ್ಯಾಹ್ನ ಕಳೆದರೂ ಅಲ್ಲೇ ಕುಳಿತಿದ್ದ.

ಆಗ ಏರಿ ಹತ್ತಿ ಬಂದವಳು ಕೊನೆಗದ್ದೆಯ ಬೋರಮ್ಮ. ಮೂಡ್ಲಯ್ಯನಿಗಿಂತ ಹತ್ತು ವರ್ಷ ಹಿರಿಯಳು, ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಒಡೆದ ಬದುವಿಗೆ ಮಣ್ಣು ಹಾಕುತ್ತಿದ್ದ ಸನಿಕೆ. ಅವತ್ತು ಸರದಿ ಅವಳದ್ದಲ್ಲ. ಮೇಲಿನ ಗದ್ದೆಗಳನ್ನು ತುಂಬಿ ಉಕ್ಕಿದ ನೀರು ಬಂದು ಅವಳು ಹಾಕಿದ ಮಣ್ಣನ್ನು ಮತ್ತೆ ಕೊಚ್ಚಿಕೊಂಡು ಹೋಗುತ್ತಿತ್ತು.

"ಏನ್ಲಾ ಮೂಡ್ಲ," ಎಂದಳು ಅವನ ಕಿವಿಯ ಹತ್ತಿರವೇ. "ನನ್ ಗದ್ದೇಲಿ ಮೀನು ಸಾಕಾನ ಅಂತಿದ್ದೀಯಾ?"

ಅವನು ಸಿಡಿದೆದ್ದ. "ಬೋರಕ್ಕ! ಆ ಮಾತು ಆಡ್ಬ್ಯಾಡ ಅಂದಿದ್ದೀನಿ!"

"ಥೂ, ಆ ಸಾಕಲ್ಲ ಕಣ್ಲಾ, ಮೀನು ಸಾಕೋದು! ಇನ್ನು ಸಾಕಮ್ಮ ಅಂತ ಯಾರಾದ್ರೂ ಇದ್ರೆ ಅವ್ರೂ ಎಸ್ರು ಬದಲಾಯಿಸ್ಕಬೇಕೇನೋ ನಿನ್ ದೆಸೆಯಿಂದ!" ಸನಿಕೆಯನ್ನು ನೆಲಕ್ಕೆ ಊರಿ ಅವಳು ಚಪ್ಪಡಿಯ ಅಂಚಿನಲ್ಲಿ ಕುಳಿತಳು. "ಅನ್ನೊಂದು ವರ್ಸ ಆ ಬದಿನ ಮೇಲೆ ನಿಂತ್ಕೊಂಡು ನಾನು ಕೂಗಿದ್ದು ಯಾರಿಗೆ ಅಂದ್ಕಂಡೆ? ನಿಂಗಾ? ನಿನ್ ಕಿವಿಗೆ ಗುಡುಗೂ ಕೇಳಲ್ಲ. ನಾನು ಕೂಗ್ತಿದ್ದಿದ್ದು ಜೀರ್ಗೆಗೆ. ಅವ್ಳು ಎದ್ದು ನಿಂತಿದ್ದು ಅಷ್ಟು ದೂರಕ್ಕೂ ಬೆಳ್ಳಗೆ ಕಾಣೋದು. ಅವ್ಳನ್ನ ಕಂಡ ಮ್ಯಾಲೇ ನಾನು ಬದಿನಿಂದ ಇಳೀತಿದ್ದಿದ್ದು."

ಅವನು ಕೊನೆಗದ್ದೆಯ ಬದುವಿನ ಕಡೆ ತಿರುಗಿ ನೋಡಿದ.

"ಆ ಮಾತು ಬಂದ್ರೆ ಏನ್ ಮಾಡ್ತಿದ್ದೆ, ಯೋಳು."

"ಬಿರಡೆ ಇಳಿಸ್ತಿದ್ದೆ."

"ಆಮ್ಯಾಕೆ?"

"ಮನೆಗ್ ಓಗ್ತಿದ್ವಿ."

"ಆಮ್ಯಾಕೆ?"

"ಮುದ್ದೆ ಆಕ್ತಿದ್ದೆ."

"ಮತ್ತೆ ಕದರಿ ಅವತ್ತು ಏನಂದ್ಲು? ಸಾಯಿ ಅಂದ್ಲಾ? ನಾಯಿಗೆ ಆ ಮಾತಿಗೆ ಸಾವು ಅಂತ ಅರ್ಥ ಎಲ್ಲೈತೆ? ಕೆಲ್ಸ ಆತು, ಮನೆಗ್ ನಡಿ ಅಂದ್ಲು. ನಾಯಿಗ್ ತಿಳೀತು, ಬಾಲ ಬಡಿದು ಓತು. ಅದೇ ಮನೇಲಿ ಉಂಡ ನಿಂಗೆ ತಿಳೀಲಿಲ್ಲ."

ಮೂಡ್ಲಯ್ಯ ಮತ್ತೆ ಚಪ್ಪಡಿಗೆ ಅಂಗೈ ಊರಿ ಕುಳಿತ ಎನ್ನುತ್ತಾರೆ. ಏರಿಯ ಕೆಳಗೆ ನೀರು ಸುರಿಯುತ್ತಲೇ ಇತ್ತು. ಬೋರಮ್ಮನಿಗೆ ದುಃಖವನ್ನು ಎಷ್ಟು ಹೊತ್ತು ಬೇಕಾದರೂ ಕಾಯುವ ತಾಳ್ಮೆ ಇದ್ದಿರಬಹುದು, ನೀರಿನ ಮಟ್ಟಿಗೆ ಅದು ಇರಲಿಲ್ಲ. "ಈಗಾದ್ರೂ ಇಳಿಸೋ ಮಾರಾಯ, ಮೀನು ಮರಿ ಆಕ್ಬುಡ್ತವೆ" ಎಂದು, ತೆರೆದ ಅಂಗೈಯಿಂದ ಚಪ್ಪಡಿಯ ಮೇಲೆ ಎರಡು ಸಲ ಬಡಿದಳು. ಅವನ ಕೈ ಚಪ್ಪಡಿಯ ಮೇಲೇ ಇತ್ತು. ಅವನು ತಟ್ಟನೆ ಎದ್ದ, ಪಂಚೆ ಎತ್ತಿ ಕಟ್ಟಿದ, ನೀರಿಗಿಳಿದ. ಕಂಬದ ಹತ್ತಿರ ಎದೆಮಟ್ಟ ನೀರಿನಲ್ಲಿ ನಿಂತು ಕೋಲಿನ ಮೇಲೆ ಎರಡೂ ಕೈ ಇಟ್ಟು, "ಸಾಕು ಬಾರವ್ವ, ಸಾಕು" ಎಂದ. ಆಮೇಲೆ ಬಿರಡೆ ಇಳಿಸಿದ. ಮೇಲೆ ಬಂದು ಸುಮ್ಮನೆ ಮನೆಗೆ ನಡೆದ. ಅವತ್ತು ಕದರಮ್ಮ ಎರಡನೆಯ ಸೌಟು ಸಾರಿಗೆ ಕೈ ಎತ್ತಿದಾಗ ಅವನು ಆ ಮಾತು ಅಂದನಂತೆ. ಅವಳು ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ಅತ್ತಳು. ಆಗ ಅವನಿಗೂ ಅಳು ಬಂತು.

ಬಿರಡೆ ಇಳಿದದ್ದು ತಡವಾಗಿಯೇ. ಬೆಟ್ಟೇಗೌಡರು ಹೇಳಿದ ಹೊತ್ತಿಗಲ್ಲ. ಆದರೂ ಅವರು ಕೋಲನ್ನು ಕಿತ್ತುಕೊಳ್ಳಲಿಲ್ಲ, ಬದಲಿಗೆ ಒಂದು ಕಟ್ಟಳೆ ಮಾಡಿದರು. ಇನ್ನು ಮುಂದೆ ಯಾರೂ ಗದ್ದೆಯಲ್ಲಿ ನಿಂತು ಕೂಗಬಾರದು. ಯಾರ ಗದ್ದೆಗೆ ನೀರೋ ಅವರೇ ಏರಿಗೆ ನಡೆದು ಬಂದು, ಚಪ್ಪಡಿಯನ್ನು ಎರಡು ಸಲ ತಟ್ಟಿ, ಸಾಕು ಎಂದು ಹೇಳಿ ಹೋಗಬೇಕು. ಇದಕ್ಕೆ ಊರು ಸಾಕಷ್ಟು ಗೊಣಗಿತು. ಕೊನೆಗದ್ದೆಯಿಂದ ಏರಿಗೆ ಒಂದು ಮೈಲಿ. ತುಂಬಿದ ಮೇಲೆ ಹೊರಟರೆ, ತಟ್ಟುವ ಹೊತ್ತಿಗೆ ಬದು ಒಡೆದಿರುತ್ತದೆ. ಆದ್ದರಿಂದ ಗದ್ದೆ ಮುಕ್ಕಾಲು ತುಂಬುವಾಗಲೇ ಹೊರಡಬೇಕಾಯಿತು. ಅದನ್ನು ಕಲಿಯಲು ಅವರಿಗೆ ಎರಡು ಸರದಿ ಹಿಡಿಯಿತು. ನಾಲ್ಕು ಸರದಿಗಳಲ್ಲಿ ಉಕ್ಕಿದ ನೀರು ಹಳ್ಳದ ಪಾಲಾಗಿತ್ತಲ್ಲ, ಆ ವರ್ಷ ಭತ್ತದಲ್ಲಿ ಜೊಳ್ಳು ಹೆಚ್ಚು ಬಂತು ಎಂಬುದನ್ನೂ ಹೇಳಬೇಕು. ಕಥೆ ಹೇಳುವವರು ಬಂಗಾರದಂಥ ಬೆಳೆ ಬಂತು ಎಂದು ಮುಗಿಸುತ್ತಾರೆ. ಬರಲಿಲ್ಲ. ಮೂಡ್ಲಯ್ಯ ಇನ್ನೂ ಆರು ವರ್ಷ ಕೋಲು ಹಿಡಿದ. ಬೇರೆ ನಾಯಿ ತಾ ಎಂದವರಿಗೆ, ಇದ್ದ ಕೆಲಸವನ್ನು ಊರೆಲ್ಲ ಹಂಚಿಕೊಂಡಿದೆಯಲ್ಲ, ಹೊಸ ನಾಯಿಗೆ ಇನ್ಯಾವ ಕೆಲಸ ಕೊಡಲಿ ಎಂದನಂತೆ. ಆ ಕಟ್ಟಳೆಯಿಂದಲೇ ಸಾಕುತೂಬು ಎಂಬ ಹೆಸರು. ಅಮ್ಮನೂ ಇಲ್ಲ, ರಾಜನೂ ಇಲ್ಲ.

ಈಗ ತೂಬಿಗೆ ಕಬ್ಬಿಣದ ಗೇಟು ಬಂದಿದೆ, ತಿರುಗಿಸಲು ಚಕ್ರವಿದೆ. ಚಕ್ರ ತಿರುಗಿಸುವವನ ಕಿವಿ ಚೆನ್ನಾಗಿದೆ, ಜೇಬಿನಲ್ಲಿ ಫೋನೂ ಇದೆ. ಆದರೂ ಗದ್ದೆಯವರು ಬಂದು ಚಪ್ಪಡಿ ತಟ್ಟುವ ತನಕ ಅವನು ಚಕ್ರಕ್ಕೆ ಕೈ ಹಾಕುವುದಿಲ್ಲ. ನೀರಿನ ಸರದಿಗೆ ಸಂಬಂಧವಿಲ್ಲದವರೂ ಬರುತ್ತಾರೆ. ಹಸು ಸತ್ತವರು, ನಾಯಿ ಸತ್ತವರು, ಕೆಲವೊಮ್ಮೆ ಖಾಲಿ ಕೊರಳಪಟ್ಟಿಯೊಂದನ್ನು ಕೈಯಲ್ಲಿ ಸುತ್ತಿಕೊಂಡು ದೂರದ ಊರುಗಳಿಂದ ಬಂದವರು. ಬಂದವರು ಮೂರು ಸಲ ತಟ್ಟುತ್ತಾರೆ, ದೇವರಿಗೆ ಮೂರು ಎಂದು ಯಾರೋ ಹೇಳಿಕೊಟ್ಟಿದ್ದಾರೆ. ಮೂರಲ್ಲ, ಎರಡು. ಕಾಯಿ ಒಡೆಯಬೇಕಾಗಿಲ್ಲ, ಅರಿಶಿನ ಬಳಿಯಬಾರದು. ನಡುವಿನ ತಗ್ಗು ಮುಚ್ಚಿಹೋಗುತ್ತದೆ. ಆ ತಗ್ಗು ನಾಯಿ ಮಲಗಿ ಸವೆದದ್ದೋ, ಕಲ್ಲಿನಲ್ಲಿ ಮೊದಲೇ ಇತ್ತೋ ಹೇಳಲು ಬರುವುದಿಲ್ಲ. ಅದರಲ್ಲಿ ಅಂಗೈ ಊರಿ, ಬೇರೆಯವರಿಂದ ಪಕ್ಕದಲ್ಲಿ ಎರಡು ಸಲ ತಟ್ಟಿಸಿಕೊಂಡರೆ ಏಟು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ತಿಳಿದ ಮೇಲೆ ಆ ಒಂದು ಮಾತು ಹೇಳಿ ಮನೆಗೆ ನಡೆಯಬೇಕು. ಆಮೇಲೂ ಅಲ್ಲೇ ನಿಲ್ಲುವುದು ಈ ತೂಬಿನ ಪದ್ಧತಿಯಲ್ಲ.